ಅಲಗಿನ ಬುಡ ಓದಿ, ಆಮೇಲೆ ಪರ್ಸ್ ತೆಗೆಯಿರಿ: ಹಳೆಯ ಮಡಚು ಚಾಕು ಸಂಗ್ರಹಕ್ಕೆ 14 ಸೂತ್ರಗಳು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಬ್ರಾಡ್‌ಫರ್ಡ್ ಎಂಬ ಸಣ್ಣ ಊರಿದೆ. ಕೇಸ್ ಕಂಪನಿಯ ಚಾಕುಗಳು ತಯಾರಾಗುವುದು ಅಲ್ಲೇ. ಆ ಕಾರ್ಖಾನೆಯ ಎರಡು ಮಡಚು ಚಾಕು ನಿಮ್ಮ ಮುಂದೆ ಇವೆ ಅಂದುಕೊಳ್ಳಿ. ಅಳತೆ ಒಂದೇ, ಎಲುಬಿನ ಹಿಡಿಯ ಬಣ್ಣ ಒಂದೇ, ಎರಡನ್ನೂ ಯಾರೂ ಬಳಸಿಲ್ಲ. ಆದರೂ ಕಲೆಕ್ಟರ್ ಒಬ್ಬ ಒಂದನ್ನು ಬಿಟ್ಟು ಇನ್ನೊಂದಕ್ಕೆ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಾನೆ. ಕಾರಣ ಅಲಗಿನ ಬುಡದಲ್ಲಿ, ಹಿಡಿಗೆ ಸೇರುವ ಜಾಗದಲ್ಲಿ ಒತ್ತಿರುವ ಮುದ್ರೆ. ಕಾಳಿಗಿಂತ ಚಿಕ್ಕ ಅಕ್ಷರ, ಕೆಲವು ಚುಕ್ಕಿ, ಅಷ್ಟೇ.

ನಿಮಗೆ ಕೆಲಸ ಸಿಕ್ಕಿದೆ. ತಿಂಗಳ ಕೊನೆಗೆ ಸ್ವಲ್ಪ ಉಳಿಯುತ್ತಿದೆ. ಹವ್ಯಾಸ ಬೇಕು, ಹಾಕಿದ ದುಡ್ಡು ಕರಗಲೂಬಾರದು. ಸರಿ, ಕೆಳಗಿನದನ್ನು ಮಾಡಿ.

1. ಒಂದೇ ಕಂಪನಿ ಆರಿಸಿಕೊಳ್ಳಿ

ಕಂಡದ್ದೆಲ್ಲ ಕೊಳ್ಳಬೇಡಿ. ಕೇಸ್, ಬಕ್, ರೆಮಿಂಗ್ಟನ್, ಸ್ಪೈಡರ್ಕೊ ಇವುಗಳಲ್ಲಿ ಒಂದನ್ನು ಹಿಡಿಯಿರಿ. ಒಂದು ವರ್ಷ ಅದನ್ನು ಬಿಟ್ಟು ಬೇರೆ ಯಾವುದನ್ನೂ ಕೊಳ್ಳಬೇಡಿ. ಈ ಫೀಲ್ಡ್‌ನಲ್ಲಿ ದುಡ್ಡು ಮಾಡುವವರು ಒಂದು ಮಾಡೆಲ್‌ನ ಹತ್ತು ರೂಪಾಂತರ ಬಲ್ಲವರು. ಹತ್ತು ಕಂಪನಿಯ ಒಂದೊಂದು ಚಾಕು ಇಟ್ಟುಕೊಂಡವರ ಹತ್ತಿರ ಡಬ್ಬ ತುಂಬಿರುತ್ತದೆ, ಆದರೆ ಯಾವುದನ್ನು ಯಾವಾಗ ಮಾರಬೇಕು ಎಂಬುದು ಗೊತ್ತಿರುವುದಿಲ್ಲ.

2. ಟ್ಯಾಂಗ್ ಓದಲು ಕಲಿಯಿರಿ

ಅಲಗಿನ ಬುಡಕ್ಕೆ ಟ್ಯಾಂಗ್ ಅನ್ನುತ್ತಾರೆ. ಅದರ ಮೇಲಿನ ಮುದ್ರೆಯೇ ಚಾಕುವಿನ ಜನ್ಮಪತ್ರ. ಇಲ್ಲಿ ಕಲಿಯಲು ಹಾಕುವ ಸಮಯ ಬೇರೆ ಯಾವ ಪಾಯಿಂಟ್‌ಗಿಂತಲೂ ಹೆಚ್ಚು ಫಲ ಕೊಡುತ್ತದೆ, ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಕೇಸ್‌ನಿಂದ ಶುರು ಮಾಡಿ. ಕಲಿಯುವವರಿಗೆ ಅಷ್ಟು ಅನುಕೂಲದ ಕಂಪನಿ ಇನ್ನೊಂದಿಲ್ಲ. 1920ರಿಂದ 1940ರವರೆಗಿನ ಮುದ್ರೆ 'ಕೇಸ್ ಟೆಸ್ಟೆಡ್ ಎಕ್ಸ್‌ಎಕ್ಸ್'. 1940ರಿಂದ 1964ರವರೆಗೆ 'ಟೆಸ್ಟೆಡ್' ಹೋಗಿ ಬರೀ 'ಕೇಸ್ ಎಕ್ಸ್‌ಎಕ್ಸ್'. 1965ರಿಂದ 1969ರವರೆಗೆ ಅದರ ಕೆಳಗೆ 'ಯು.ಎಸ್.ಎ.' ಸೇರಿತು. 1970ರಲ್ಲಿ ಕಂಪನಿ ಒಂದು ಜಾಣ ಕೆಲಸ ಮಾಡಿತು: ಮುದ್ರೆಯ ಕೆಳಗೆ ಹತ್ತು ಚುಕ್ಕಿ ಇಟ್ಟು, ವರ್ಷಕ್ಕೆ ಒಂದೊಂದು ಚುಕ್ಕಿ ತೆಗೆಯುತ್ತಾ ಹೋಯಿತು. 1979ರ ಹೊತ್ತಿಗೆ ಉಳಿದದ್ದು ಒಂದೇ ಚುಕ್ಕಿ.

ಲೆಕ್ಕ ಸುಲಭ. 1980ರಿಂದ ಚುಕ್ಕಿಗಳ ಸಂಖ್ಯೆ ಕಳೆಯಿರಿ. ಏಳು ಚುಕ್ಕಿ ಇದ್ದರೆ 1973. ಮೂರು ಇದ್ದರೆ 1977.

1980ರಲ್ಲಿ ಮತ್ತೆ ಹತ್ತು ಚುಕ್ಕಿಯಿಂದ ಶುರುವಾಯಿತು. ಆದರೆ ಈ ಸಲ ಹೆಸರಿನ 'ಎಸ್' ಅಕ್ಷರವನ್ನು ಮಿಂಚಿನ ಹಾಗೆ ಚೂಪಾಗಿ ಬರೆದರು. ಹಾಗಾಗಿ ಮೊದಲು 'ಎಸ್' ನೋಡಿ, ಆಮೇಲೆ ಚುಕ್ಕಿ ಎಣಿಸಿ. ಮಿಂಚಿನ 'ಎಸ್' ಇದ್ದರೆ 1990ರಿಂದ ಕಳೆಯಬೇಕು. ಆತುರದಲ್ಲಿ ಚುಕ್ಕಿ ಮಾತ್ರ ಎಣಿಸಿದವರು ಹತ್ತು ವರ್ಷ ಹೊಸದಾದ ಚಾಕುವಿಗೆ ಹಳೆಯದರ ಬೆಲೆ ಕೊಟ್ಟು ಮನೆಗೆ ಬರುತ್ತಾರೆ.

ಇನ್ನೊಂದು ಸಂಗತಿ. 1965ರ ಸುಮಾರಿನಲ್ಲಿ ಕೆಲವು ಚಾಕುಗಳಲ್ಲಿ ಒಂದು ಅಲಗಿನ ಮೇಲೆ ಹಳೆಯ ಮುದ್ರೆ, ಇನ್ನೊಂದರ ಮೇಲೆ ಹೊಸ ಮುದ್ರೆ ಇರುತ್ತದೆ. ಕಾರ್ಖಾನೆಯವರು ಉಳಿದ ಅಲಗುಗಳನ್ನು ಎಸೆಯಲಿಲ್ಲ, ಬಳಸಿ ಮುಗಿಸಿದರು. ಇಂಥವನ್ನು ಟ್ರಾನ್ಸಿಷನ್ ಚಾಕು ಅನ್ನುತ್ತಾರೆ, ಕೆಲವರು ಇವನ್ನು ಮಾತ್ರ ಹುಡುಕುತ್ತಾರೆ. ಎರಡೂ ಅಲಗು ತೆರೆದು ನೋಡುವ ಅಭ್ಯಾಸ ನಿಮಗಿದ್ದರೆ ಮಾತ್ರ ಇವು ಕಣ್ಣಿಗೆ ಬೀಳುತ್ತವೆ.

'ನನಗೆ ಈ ಡೇಟು ಗೀಟು ನೆನಪಿರಲ್ಲ' ಅನ್ನಬೇಡಿ. ಐದು ಸಾಲಿನ ಟೇಬಲ್ ಇದು. ಫೋನಿನ ವಾಲ್‌ಪೇಪರ್ ಮಾಡಿಕೊಳ್ಳಿ, ವಾರದಲ್ಲಿ ಬಾಯಿಗೆ ಬರುತ್ತದೆ.

3. ಪ್ಯಾಟರ್ನ್ ನಂಬರ್ ಬಿಡಿಸಿ ಓದಿ

ಮುದ್ರೆಯ ಹಿಂಬದಿಯಲ್ಲಿ ಒಂದು ನಂಬರ್ ಇರುತ್ತದೆ. ಉದಾಹರಣೆಗೆ 6254. ಮೊದಲ ಅಂಕಿ ಹಿಡಿಯ ವಸ್ತು, ಎರಡನೆಯದು ಅಲಗುಗಳ ಸಂಖ್ಯೆ, ಉಳಿದದ್ದು ಆಕಾರ. ಅಂದರೆ ಎಲುಬಿನ ಹಿಡಿ, ಎರಡು ಅಲಗು, 54ನೆಯ ಆಕಾರ. ಈ ಆಕಾರಕ್ಕೆ ಟ್ರ್ಯಾಪರ್ ಎಂದು ಹೆಸರು. 5254 ಎಂದಿದ್ದರೆ ಅದೇ ಚಾಕುವಿಗೆ ಜಿಂಕೆ ಜಾತಿಯ ಕೊಂಬಿನ ಹಿಡಿ. 3254 ಎಂದರೆ ಹಳದಿ ಕಾಂಪೋಸಿಷನ್ (ಕೃತಕ ವಸ್ತು) ಹಿಡಿ. ನಂಬರ್ 5ರಿಂದ ಶುರುವಾಗಿ, ಕೈಯಲ್ಲಿರುವುದು ಹಳದಿ ಹಿಡಿಯಾದರೆ ಯಾರೋ ಬದಲಾಯಿಸಿದ್ದಾರೆ. ಚಾಕು ವಾಪಸ್ ಕೊಟ್ಟು ಮುಂದೆ ನಡೆಯಿರಿ.

4. 'ಫಸ್ಟ್ ಪ್ರೊಡಕ್ಷನ್' ಅನ್ನುವ ಮಾತನ್ನು ಪರೀಕ್ಷಿಸಿ

ಮಾರುವವರೆಲ್ಲ ತಮ್ಮದು ಆರಂಭದ ಬ್ಯಾಚು ಅನ್ನುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಆರಂಭದ್ದು ಎಂದು ತೋರಿಸುವ ಗುರುತು ಯಾವುದು?

ಬಕ್ ಕಂಪನಿಯ 110 ಫೋಲ್ಡಿಂಗ್ ಹಂಟರ್ ಇದಕ್ಕೆ ಒಳ್ಳೆಯ ಪಾಠ. ಹಾಯ್ಟ್ ಬಕ್ ಎಂಬ ಕಮ್ಮಾರ, ಅವನ ಮಗ ಆಲ್ ಬಕ್ ಸೇರಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಚಾಕು ಮಾಡುತ್ತಿದ್ದರು. ತಂದೆ 1949ರಲ್ಲಿ ತೀರಿಕೊಂಡ. ಮಗ 1964ರಲ್ಲಿ ಮಾರುಕಟ್ಟೆಗೆ ತಂದದ್ದು ಈ 110. ಬೇಟೆಗಾರ ಸೊಂಟಕ್ಕೆ ಕಟ್ಟಿಕೊಳ್ಳುವ ಉದ್ದ ಚಾಕುವಿನ ಗಟ್ಟಿತನ ಬೇಕು, ಆದರೆ ಮಡಚಿಡಲೂ ಬರಬೇಕು. ಅಲಗು ತೆರೆದಾಗ ಹಿಂಬದಿಯ ಲಾಕ್ ಬಿಗಿಯಾಗಿ ಕೂರುವಂತೆ ಮಾಡಿ ಕಂಪನಿ ಅದನ್ನು ಸಾಧಿಸಿತು. ಹಿಡಿಯ ತುದಿಗಳಿಗೆ ಹಿತ್ತಾಳೆಯ ಕವಚ (ಬೋಲ್ಸ್ಟರ್), ಕರಿಮರದ ಹಿಡಿ. ಅಂದಿನಿಂದ ಇಂದಿನವರೆಗೆ ಕೋಟಿಗೂ ಹೆಚ್ಚು 110ಗಳು ಮಾರಾಟವಾಗಿವೆ.

ಕೋಟಿ ಇರುವ ವಸ್ತು ಅಪರೂಪವಾಗುವುದು ಹೇಗೆ? ಮೊದಲ ಕೆಲವು ವರ್ಷದವು ಅಪರೂಪ. ಅವುಗಳ ಟ್ಯಾಂಗ್ ಮೇಲೆ ಇರುವುದು 'ಬಕ್' ಎಂಬ ಒಂದೇ ಪದ. ಆಮೇಲೆ 'ಯು.ಎಸ್.ಎ.' ಸೇರಿತು. 1970ರ ದಶಕದ ಮೊದಲ ಭಾಗದಲ್ಲಿ '110' ಎಂಬ ಸಂಖ್ಯೆ ಬಂತು, ಅದರ ಬೆನ್ನಿಗೆ ಸಂಖ್ಯೆಯ ಅಕ್ಕಪಕ್ಕ ಚುಕ್ಕಿಗಳು ಬಂದವು. 1986ರಿಂದ ಪ್ರತಿ ವರ್ಷಕ್ಕೂ ಒಂದು ಚಿಹ್ನೆ. ಉಕ್ಕೂ ಬದಲಾಯಿತು: ಮೊದಲಿಗೆ 440ಸಿ, ಆಮೇಲೆ 425ಎಂ, ಇನ್ನೂ ಮುಂದೆ 420ಎಚ್‌ಸಿ. ಆರಂಭದವುಗಳ ಹಿತ್ತಾಳೆಯ ಅಂಚು ಚೌಕವಾಗಿ ಕೈಗೆ ಒತ್ತುತ್ತದೆ, ನಂತರದವುಗಳ ಅಂಚನ್ನು ಉರುಟು ಮಾಡಿದರು. ಬಳಸುವವನಿಗೆ ನಂತರದ್ದೇ ಹಿತ. ಕಲೆಕ್ಟರ್‌ಗೆ ಬೇಕಾದದ್ದು ಕೈಗೆ ಒತ್ತುವ ಹಳೆಯದು. ವಿಚಿತ್ರ ಅನಿಸಬಹುದು, ಆದರೆ ಈ ಮಾರ್ಕೆಟ್ ನಡೆಯುವುದೇ ಹಾಗೆ.

ಇದರ ಹಿಂದಿನ ತರ್ಕವನ್ನು ಹಿಡಿದುಕೊಳ್ಳಿ. ಮೊದಲ ಬ್ಯಾಚು ಸಣ್ಣದು. ಆಗ ಯಾರಿಗೂ ಅದು ಮುಂದೆ ಹೆಸರು ಮಾಡುತ್ತದೆ ಎಂದು ಗೊತ್ತಿರಲಿಲ್ಲ. ಕೊಂಡವರು ಬೇಟೆಯ ಚರ್ಮ ಸುಲಿದರು, ಹಗ್ಗ ಕೊಯ್ದರು, ಸಾಣೆ ಹಿಡಿದು ಹಿಡಿದು ಅಲಗು ಸವೆಸಿದರು. ಬಳಸದೆ ಉಳಿದದ್ದು ಎಲ್ಲೋ ಕೆಲವು. ಆ ಕೆಲವಕ್ಕೆ ಬೆಲೆ.

5. ಕಂಡೀಷನ್ ಅನ್ನು ಶೇಕಡಾ ಲೆಕ್ಕದಲ್ಲಿ ಮಾತಾಡಿ

'ತುಂಬಾ ಚೆನ್ನಾಗಿದೆ ಸಾರ್' ಅನ್ನುವುದು ಗ್ರೇಡ್ ಅಲ್ಲ. ಅಮೆರಿಕದ ನ್ಯಾಷನಲ್ ನೈಫ್ ಕಲೆಕ್ಟರ್ಸ್ ಅಸೋಸಿಯೇಷನ್ ರೂಢಿಗೆ ತಂದ ಗ್ರೇಡ್‌ಗಳನ್ನು ಕಲಿಯಿರಿ, ಅದೇ ಭಾಷೆಯಲ್ಲಿ ಮಾತಾಡಿ.

ಮಿಂಟ್ ಎಂದರೆ ಕಾರ್ಖಾನೆಯಿಂದ ಬಂದ ಹಾಗೇ ಇದೆ, ಜೇಬಿಗೆ ಹೋಗಿಲ್ಲ, ಸಾಣೆ ಕಂಡಿಲ್ಲ. ನಿಯರ್ ಮಿಂಟ್ ಎಂದರೆ ಹೊಸದರಂತೆಯೇ ಇದೆ, ಆದರೆ ಸ್ವಲ್ಪ ಕಾಲದ ಗುರುತು ಹತ್ತಿದೆ. ಎಕ್ಸಲೆಂಟ್‌ನಲ್ಲಿ ಅಲಗಿನ ಸವೆತ ಶೇ 10ರ ಒಳಗೆ. ವೆರಿ ಗುಡ್‌ನಲ್ಲಿ ಸುಮಾರು ಶೇ 25, ಹಿಡಿಯಲ್ಲಿ ಸಣ್ಣ ಬಿರುಕು ಇರಬಹುದು, ಅಲಗು ಮಾತ್ರ ಮೂಲದ್ದೇ ಆಗಿರಬೇಕು. ಫೇರ್ ಎಂದರೆ ಅಲಗು ಅರ್ಧ ಸವೆದಿದೆ, ಸ್ಪ್ರಿಂಗ್ ಸೋತಿದೆ. ಅದರ ಕೆಳಗಿನದು ಪೂರ್, ಬಿಡಿಭಾಗಕ್ಕೆ ಮಾತ್ರ ಲಾಯಕ್ಕು.

ಮಿಂಟ್ ಮತ್ತು ಎಕ್ಸಲೆಂಟ್ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಚೂರು. ಬೆಲೆಯಲ್ಲಿ ಕಂದಕ. ಯಾಕೆಂದರೆ ಸೀರಿಯಸ್ ಕಲೆಕ್ಟರ್ ತನ್ನ ಸಾಲು ತುಂಬಿಸಲು ಮಿಂಟ್‌ಗಾಗಿ ಕಾಯುತ್ತಾನೆ, ಎಕ್ಸಲೆಂಟ್ ಅವನ ಹತ್ತಿರ ಈಗಾಗಲೇ ಇದೆ.

ಸವೆತ ಅಳೆಯಲು ಕಂಪನಿಯ ಹಳೆಯ ಕ್ಯಾಟಲಾಗ್ ಚಿತ್ರವನ್ನು ಪಕ್ಕದಲ್ಲಿಡಿ. ಉಗುರು ಸಿಗಿಸಿ ತೆರೆಯುವ ಗೀರಿನಿಂದ ಅಲಗಿನ ಬಾಯಿಯವರೆಗಿನ ಅಂತರ ಹೋಲಿಸಿ. ಸಾಣೆ ಹೆಚ್ಚಾದಷ್ಟೂ ಆ ಅಂತರ ಕಿರಿದಾಗುತ್ತದೆ. ತುದಿ ಮುರಿದು ಮತ್ತೆ ಚೂಪು ಮಾಡಿದ್ದರೆ ಅಲಗು ಗಿಡ್ಡವಾಗಿ, ಮಡಚಿದಾಗ ಒಳಗೆ ಜಾಗ ಹೆಚ್ಚಾಗಿ ಕಾಣುತ್ತದೆ.

6. ಸಾಣೆ ಕಲ್ಲು ದೂರ ಇಡಿ

ಪಾಲಿಶ್ ಮಷೀನ್ ಅದಕ್ಕಿಂತ ದೂರ. ಹಳೆಯ ಕಾರ್ಬನ್ ಸ್ಟೀಲ್ ಮೇಲಿನ ಬೂದು ಬಣ್ಣದ ಪದರ ಕೊಳೆಯಲ್ಲ, ರಕ್ಷಣೆ. ಕೆಂಪಗೆ ಉದುರುವ ತುಕ್ಕು ಮಾತ್ರ ಶತ್ರು. ಅದನ್ನು ಎಣ್ಣೆ ಹಚ್ಚಿದ ಮೆತ್ತನೆ ಬಟ್ಟೆಯಿಂದ ಒರೆಸಿ ನಿಲ್ಲಿಸಿ. ಮಷೀನಿಗೆ ಕೊಟ್ಟರೆ ಕಾರ್ಖಾನೆಯ ಉಜ್ಜುಗೆರೆ ಹೋಗುತ್ತದೆ, ಮುದ್ರೆಯ ಅಂಚು ಮಸುಕಾಗುತ್ತದೆ. ಹೊಳಪು ಬಂತು ಎಂದು ನೀವು ಹಿಗ್ಗುತ್ತೀರಿ, ಕೊಳ್ಳುವವನು ಬೆಲೆ ಇಳಿಸುತ್ತಾನೆ.

7. ಕಿವಿಯಿಂದ ಪರೀಕ್ಷಿಸಿ

ಅಲಗನ್ನು ನಿಧಾನ ತೆರೆಯಿರಿ. ಹಿಂಬದಿಯ ಸ್ಪ್ರಿಂಗ್ ಬಿಗಿಯಾಗಿದ್ದರೆ ಕೊನೆಯಲ್ಲಿ 'ಟಕ್' ಎಂದು ಗಟ್ಟಿ ಸದ್ದು ಬರುತ್ತದೆ. ಮುಚ್ಚುವಾಗಲೂ ಬರುತ್ತದೆ. ಕಲೆಕ್ಟರ್‌ಗಳು ಇದನ್ನು 'ವಾಕ್ ಅಂಡ್ ಟಾಕ್' ಅನ್ನುತ್ತಾರೆ. ಆಮೇಲೆ ಅಲಗನ್ನು ಎಡಬಲ ಮೆಲ್ಲಗೆ ಅಲುಗಿಸಿ. ಅಲುಗಾಡಿದರೆ ಕೀಲಿನ ಪಿನ್ ಸವೆದಿದೆ. ಮುಚ್ಚಿದ ಚಾಕುವನ್ನು ಬೆಳಕಿಗೆ ಹಿಡಿದು ಸ್ಪ್ರಿಂಗ್ ಮತ್ತು ಲೈನರ್ (ಹಿಡಿಯ ಒಳಬದಿಯ ಲೋಹದ ತಗಡು) ನಡುವೆ ಸಂದು ಇದೆಯೇ ನೋಡಿ. ಹೊಸದರಲ್ಲೂ ಸಂದು ಇರಬಹುದು. ಆದರೆ ಸಂದಿಲ್ಲದ ಹಳೆಯ ಚಾಕುವಿಗೆ ಹೆಚ್ಚು ಕೊಡುವವರು ಯಾವಾಗಲೂ ಇದ್ದಾರೆ.

8. ಹಿಡಿಯ ವಸ್ತುವನ್ನು ಗುರುತಿಸಿ

ಇದು ರುಚಿಯ ವಿಷಯ, ದುಡ್ಡಿನ ವಿಷಯವೂ ಹೌದು.

ಕೇಸ್‌ನ ಎಲುಬಿನ ಹಿಡಿಗಳಲ್ಲಿ ಹಳೆಯ ಹಸಿರು ಛಾಯೆಯವು, 'ಗ್ರೀನ್ ಬೋನ್', ಹೆಚ್ಚು ಬೇಡಿಕೆಯವು. ಚೆನ್ನಾಗಿ ಬಣ್ಣ ಬಂದ 'ರೆಡ್ ಬೋನ್' ಅದರ ಹಿಂದೆಯೇ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಮಗ್ರಿಯ ಕೊರತೆಯಾಗಿ ಒರಟು ಕಪ್ಪು ಪ್ಲಾಸ್ಟಿಕ್ಕಿನ ಹಿಡಿ ಹಾಕಿದರು. ನೋಡಲು ಸಾದಾ, ಆದರೆ ಕಾಲವನ್ನು ಹೇಳುವ ಹಿಡಿ. 1960ರ ದಶಕದಲ್ಲಿ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಬಂತು. ಅದು ಎಲುಬಿನಂತೆಯೇ ಕೊರೆದ ಗೆರೆ ಹೊತ್ತು ಬರುತ್ತದೆ, ನಂಬರ್ ಕೂಡ 6ರಿಂದಲೇ ಶುರುವಾಗಬಹುದು. ಹಾಗಾಗಿ 6 ಕಂಡ ಕೂಡಲೇ ಎಲುಬು ಅಂದುಕೊಳ್ಳಬೇಡಿ. ಭೂತಗನ್ನಡಿ ಹಿಡಿದು ನೋಡಿ. ನಿಜವಾದ ಎಲುಬಿನಲ್ಲಿ ಸೂಕ್ಷ್ಮ ರಂಧ್ರ, ಕಂದು ಚುಕ್ಕೆ ಕಾಣುತ್ತವೆ. ಡೆಲ್ರಿನ್ ನುಣುಪು. ಕಾದ ಸೂಜಿ ಚುಚ್ಚಿ ನೋಡುವ ಟ್ರಿಕ್ ಹೇಳಿಕೊಡುವವರು ಸಿಗುತ್ತಾರೆ. ಬೇರೆಯವರ ಚಾಕುವಿಗೆ ಅದನ್ನು ಮಾಡಿದರೆ ಅದನ್ನು ನೀವೇ ಕೊಳ್ಳಬೇಕಾಗುತ್ತದೆ.

ಇನ್ನು ಕೊಂಬಿನ ಹಿಡಿ. ಇದರಲ್ಲಿ ನಮ್ಮ ಕಾಡಿನ ಪಾಲಿದೆ. ಪಾಶ್ಚಾತ್ಯ ಚಾಕು ತಯಾರಕರು ಬಹುಕಾಲ ಮೆಚ್ಚಿ ತರಿಸಿದ್ದು ಭಾರತದ ಕಡವೆಯ ಕೊಂಬು. ಒಳಗೆ ಟೊಳ್ಳು ಕಡಿಮೆ, ಹೊರಗೆ ಒರಟು ಗೆರೆ, ಅದಕ್ಕೇ ಹಿಡಿತ ಚೆನ್ನ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಎಂದು ವ್ಯಾಪಾರ ನಡೆಯುತ್ತಿತ್ತು. 1990ರ ದಶಕದ ಕೊನೆಗೆ ಭಾರತ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಪೂರೈಕೆ ನಿಂತ ವಸ್ತುವಿನ ಹಿಡಿ ಇರುವ ಹಳೆಯ ಚಾಕುಗಳನ್ನು ಕಲೆಕ್ಟರ್‌ಗಳು ಬೇರೆ ಕಣ್ಣಿನಿಂದ ನೋಡತೊಡಗಿದರು. ಎರಡೂ ಬದಿಯ ಕೊಂಬು ಬಣ್ಣದಲ್ಲಿ, ದಪ್ಪದಲ್ಲಿ ಹೊಂದಿಕೆಯಾಗಿರುವುದನ್ನೇ ಆರಿಸಿ.

9. ನಕಲಿಯನ್ನು ಹಿಡಿಯುವ ಕಣ್ಣು ಬೆಳೆಸಿ

ಬೆಲೆ ಇರುವಲ್ಲಿ ಕೈಚಳಕ ಇರುತ್ತದೆ. ಹೆದರಬೇಡಿ, ಯೋಚಿಸಿ. ಮೋಸ ಮಾಡುವವನಿಗೆ ಯಾವುದು ಸುಲಭವೋ ಅದನ್ನೇ ಮೊದಲು ನೋಡಿ.

ಚುಕ್ಕಿ ಸೇರಿಸುವುದು ಕಷ್ಟ, ಉಜ್ಜಿ ತೆಗೆಯುವುದು ಸುಲಭ. 1970ರ ದಶಕದ ಕೇಸ್ ಚಾಕುವಿನ ಚುಕ್ಕಿಗಳನ್ನು ಉಜ್ಜಿದರೆ ಅದು 1965–69ರ ಚಾಕುವಿನಂತೆ ಕಾಣುತ್ತದೆ. ಆದರೆ ಉಜ್ಜಿದ ಜಾಗದಲ್ಲಿ ಲೋಹ ತೆಳುವಾಗುತ್ತದೆ. ಟ್ಯಾಂಗ್ ಮತ್ತು ಲೈನರ್ ನಡುವೆ ಒಂದು ಬದಿ ಸಂದು ಹೆಚ್ಚಿದೆಯೇ ನೋಡಿ. 'ಯು.ಎಸ್.ಎ.' ಕೆಳಗಿನ ಉಕ್ಕಿನ ಹೊಳಪು ಸುತ್ತಲಿನದಕ್ಕಿಂತ ಬೇರೆಯಾಗಿದೆಯೇ ನೋಡಿ.

ಅಲಗು ಅರ್ಧ ಸವೆದು ಮುದ್ರೆ ಮಾತ್ರ ನಿನ್ನೆ ಒತ್ತಿದಷ್ಟು ಚೂಪಾಗಿದ್ದರೆ ಅನುಮಾನಿಸಿ. ಕಾರ್ಖಾನೆಯಲ್ಲಿ ಬೋಲ್ಸ್ಟರ್‌ನ ಪಿನ್ ಕಾಣದ ಹಾಗೆ ಸಮ ಮಾಡಿರುತ್ತಾರೆ. ಪಿನ್ ಸುತ್ತ ಉಂಗುರದಂತೆ ಗೆರೆ ಕಂಡರೆ ಯಾರೋ ಬಿಚ್ಚಿ ಮತ್ತೆ ಜೋಡಿಸಿರಬಹುದು. ಎರಡು ಅಲಗಿನ ಬಣ್ಣ ಬೇರೆ, ಹಿಡಿಯ ಎರಡು ಬದಿ ಬೇರೆ ಬೇರೆ ಕಂದು ಎಂದಾದರೆ, ಎರಡು ಚಾಕುಗಳಿಂದ ಒಂದು ಚಾಕು ಹುಟ್ಟಿದೆ. ನೇರಳಾತೀತ ಬೆಳಕು ಬೀರುವ ಸಣ್ಣ ಟಾರ್ಚ್ ಕೊಂಡುಕೊಳ್ಳಿ, ಹೊಸ ಅಂಟು ಅದರಲ್ಲಿ ಹೊಳೆದು ಸಿಕ್ಕಿಬೀಳುತ್ತದೆ.

ಇನ್ನೊಂದು ಗೊಂದಲ ನಕಲಿಯಿಂದಲ್ಲ, ಮರುಉತ್ಪಾದನೆಯಿಂದ. ಬಂದೂಕಿನ ಕಂಪನಿ ರೆಮಿಂಗ್ಟನ್ 1920ರಿಂದ 1940ರವರೆಗೆ ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಚಾಕು ಮಾಡಿತು. ಅದರಲ್ಲಿ ಹಿಡಿಯ ಮೇಲೆ ಗುಂಡಿನ ಆಕಾರದ ಲೋಹದ ಬಿಲ್ಲೆ (ಶೀಲ್ಡ್) ಇರುವ ಆರ್1123 ಮುಂತಾದವನ್ನು 'ಬುಲೆಟ್ ನೈಫ್' ಅನ್ನುತ್ತಾರೆ, ಇವು ದುಬಾರಿ ಬೆಲೆಯವು. 1982ರಲ್ಲಿ ಕಂಪನಿ ಅದೇ ಆರ್1123 ಅನ್ನು ಮತ್ತೆ ಹೊರತಂದಿತು. ಅದು ಕಾನೂನುಬದ್ಧ, ಗೌರವದ ಚಾಕು. ಆದರೆ ಅದು 1920ರ ದಶಕದ್ದಲ್ಲ. ಕೆಲವು ಸಲ ಮಾರುವವನಿಗೇ ಈ ಫರಕು ತಿಳಿದಿರುವುದಿಲ್ಲ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂದಷ್ಟೇ ಹೇಳುತ್ತಾನೆ. ಪೆಟ್ಟಿಗೆ ಅಜ್ಜನದಿರಬಹುದು, ಚಾಕು 1982ರದ್ದಿರಬಹುದು.

10. ಇಡುವುದರಲ್ಲಿ ಶಿಸ್ತು ಇರಲಿ

ಚರ್ಮದ ಚೀಲದೊಳಗೆ ಇಡಬೇಡಿ. ಚರ್ಮ ಹದ ಮಾಡಲು ಬಳಸಿದ ರಾಸಾಯನಿಕ ಮತ್ತು ತೇವ ಸೇರಿ ಹಿತ್ತಾಳೆಗೆ ಕಿಲುಬು ಹಿಡಿಸುತ್ತವೆ, ಉಕ್ಕಿಗೆ ಕಲೆ ಮಾಡುತ್ತವೆ. ಚೀಲವನ್ನು ಬೇರೆ, ಚಾಕುವನ್ನು ಬೇರೆ ಇಡಿ, ಎರಡೂ ಇದ್ದರೆ ಬೆಲೆ ಹೆಚ್ಚು.

ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಹಿಡಿ ಇರುವ ಚಾಕುವನ್ನು ಮಾತ್ರ ಯಾವುದರ ಜೊತೆಗೂ ಸೇರಿಸಬೇಡಿ. ಹಳೆಯ ಸೆಲ್ಯುಲಾಯ್ಡ್ ಕೊಳೆಯತೊಡಗಿದರೆ ಆಮ್ಲದ ಹೊಗೆ ಬಿಡುತ್ತದೆ, ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಒಂದು ಚಾಕು ಹತ್ತನ್ನು ಹಾಳು ಮಾಡಬಲ್ಲದು.

ಕೀಲಿಗೆ ಒಂದು ಹನಿ ಮಿನರಲ್ ಆಯಿಲ್, ಅಲಗಿಗೆ ತೆಳುವಾಗಿ ರಿನೈಸಾನ್ಸ್ ವ್ಯಾಕ್ಸ್. ಈ ಮೇಣವನ್ನು ಬ್ರಿಟಿಷ್ ಮ್ಯೂಸಿಯಂ ತನ್ನ ವಸ್ತುಗಳಿಗಾಗಿ ರೂಪಿಸಿತು, ಅಂದಮೇಲೆ ನಿಮ್ಮ ಡ್ರಾಯರ್‌ಗೆ ಸಾಕು. ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ. ಮನೆ ಮಂಗಳೂರು, ಉಡುಪಿ ಕಡೆಯದಾದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ. ಕರಾವಳಿಯ ಗಾಳಿಗೆ ಕಾರ್ಬನ್ ಸ್ಟೀಲ್ ನಿಲ್ಲುವುದಿಲ್ಲ.

11. ಬಾಕ್ಸ್ ಎಸೆಯಬೇಡಿ

ಕಾಗದ, ಡಬ್ಬ, ಬಿಲ್ ಎಲ್ಲ ಇಟ್ಟುಕೊಳ್ಳಿ. ಕ್ರಿಸ್ ರೀವ್ ಎಂಬ ದಕ್ಷಿಣ ಆಫ್ರಿಕಾದ ಕುಶಲಕರ್ಮಿ ಅಮೆರಿಕದ ಐಡಹೊ ರಾಜ್ಯದ ಬೋಯ್ಸಿಗೆ ಬಂದು ಮಾಡಿದ ಸೆಬೆಂಜಾ ಚಾಕುವಿನ ಜೊತೆ ಅದು ತಯಾರಾದ ದಿನಾಂಕ ಬರೆದ 'ಬರ್ತ್ ಕಾರ್ಡ್' ಬರುತ್ತದೆ. ಕಾರ್ಡ್ ಇದ್ದರೆ ವಾದವೇ ಇಲ್ಲ. ಬಾಕ್ಸ್ ಸುಳ್ಳನ್ನೂ ಬಯಲು ಮಾಡುತ್ತದೆ: ಬಕ್ ಕಂಪನಿ ಐಡಹೊದ ಪೋಸ್ಟ್ ಫಾಲ್ಸ್‌ಗೆ ಹೋದದ್ದು 2005ರಲ್ಲಿ. '1960ರ ದಶಕದ, ಬಾಕ್ಸ್ ಸಮೇತ' ಎಂದು ಮಾರುವ 110ರ ಡಬ್ಬದ ಮೇಲೆ ಪೋಸ್ಟ್ ಫಾಲ್ಸ್ ವಿಳಾಸ ಇದ್ದರೆ ಆ ಎರಡು ಒಟ್ಟಿಗೆ ಹುಟ್ಟಿದವಲ್ಲ.

12. ಕೇಳುವ ಬೆಲೆ ಬಿಡಿ, ಮಾರಾಟವಾದ ಬೆಲೆ ನೋಡಿ

ಆನ್‌ಲೈನ್‌ನಲ್ಲಿ ಯಾರು ಎಷ್ಟು ಬೇಕಾದರೂ ಕೇಳಬಹುದು. 'ಸೋಲ್ಡ್' ಫಿಲ್ಟರ್ ಒತ್ತಿ. ಅದೇ ಪ್ಯಾಟರ್ನ್, ಅದೇ ಮುದ್ರೆ, ಅದೇ ಗ್ರೇಡ್ ಇರುವ ಕೆಲವು ಮಾರಾಟಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆಯಿರಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಬಿಡಿ. ಉಳಿದದ್ದರ ನಡುವೆ ಎಲ್ಲೋ ನಿಮ್ಮ ಮಿತಿ. ತಿಂಗಳ ಬಜೆಟ್ ಕಟ್ಟಿ, ಸಾಲ ಮಾಡಿ ಕೊಳ್ಳಬೇಡಿ. ಇದು ಶೇರಿನಂತೆ ಬೆಳಿಗ್ಗೆ ಮಾರಿ ಸಂಜೆ ದುಡ್ಡು ಎಣಿಸುವ ಮಾರ್ಕೆಟ್ ಅಲ್ಲ, ಸರಿಯಾದ ಗಿರಾಕಿ ಸಿಗಲು ತಿಂಗಳು ಹಿಡಿಯಬಹುದು.

'ಲಿಮಿಟೆಡ್ ಎಡಿಷನ್' ಎಂದು ಕೆತ್ತಿ, ಗಾಜಿನ ಪೆಟ್ಟಿಗೆಯಲ್ಲಿ ಬರುವ ಚಾಕುಗಳ ಬಗ್ಗೆ ನನ್ನ ಅಭಿಪ್ರಾಯ ನೇರ: ಬಿಡಿ. ಕೊಂಡವರೆಲ್ಲ ಅದನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ. ಹಾಗಾಗಿ ಇಪ್ಪತ್ತು ವರ್ಷದ ನಂತರವೂ ಎಲ್ಲವೂ ಮಿಂಟ್. ಎಲ್ಲವೂ ಮಿಂಟ್ ಆದರೆ ಮಿಂಟ್‌ಗೆ ಏನು ಬೆಲೆ?

ಅದರ ಬದಲು ದಿನಬಳಕೆಗೆ ಬಂದು, ಮುಂದೆ ಎಲ್ಲರೂ ಕಾಪಿ ಹೊಡೆದ ಡಿಸೈನ್‌ಗಳ ಮೊದಲ ಬ್ಯಾಚು ಹುಡುಕಿ. ಕೊಲೊರಾಡೊದ ಗೋಲ್ಡನ್ ಊರಿನ ಸ್ಪೈಡರ್ಕೊ 1981ರಲ್ಲಿ 'ವರ್ಕರ್' ಎಂಬ ಚಾಕು ತಂದಿತು. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್, ಹೆಬ್ಬೆರಳಿನಿಂದ ತಳ್ಳಿ ತೆರೆಯಲು ಅಲಗಿನಲ್ಲಿ ಒಂದು ದುಂಡು ತೂತು. ಆಗ ಹಲವರು ಅದನ್ನು ಕುರೂಪಿ ಎಂದು ನಕ್ಕಿರಬೇಕು, ನೋಡಿದರೆ ಹಾಗೇ ಇದೆ. ಇಂದು ಜೇಬಿನ ಕ್ಲಿಪ್ ಇಲ್ಲದ ಮಾಡರ್ನ್ ಮಡಚು ಚಾಕು ಹುಡುಕುವುದೇ ಕಷ್ಟ. 'ಒಳ್ಳೆಯದೆಲ್ಲ ಆಗಲೇ ಖಾಲಿಯಾಯ್ತು, ನಾನು ತಡವಾದೆ' ಎಂದು ಗೊಣಗುವ ಅಭ್ಯಾಸ ಇದ್ದರೆ ಬಿಡಿಸಿಕೊಳ್ಳಿ. 1981ರಲ್ಲೂ ಹಾಗೆ ಗೊಣಗುವವರು ಇದ್ದರು, ವರ್ಕರ್ ಅವರ ಮುಂದೆಯೇ ಅಂಗಡಿಯಲ್ಲಿತ್ತು.

13. ಕಾನೂನು ಮೊದಲು, ಕೊಳ್ಳುವುದು ಆಮೇಲೆ

ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಸ್ವಿಚ್‌ಬ್ಲೇಡ್‌ಗಳಿಂದ ಹೊಸಬರು ದೂರ ಇರಿ. ಅಮೆರಿಕದ 1958ರ ಫೆಡರಲ್ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಅವುಗಳ ವ್ಯಾಪಾರವನ್ನು ನಿರ್ಬಂಧಿಸಿದೆ. ಬ್ರಿಟನ್ 1959ರಲ್ಲೇ ಅವುಗಳ ಮಾರಾಟ ನಿಷೇಧಿಸಿತು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ, ನಗರಕ್ಕೆ ಒಂದೊಂದು ನಿಯಮ. ನೀವು ಕೆಲಸ ಮಾಡುವ ಊರಿನದನ್ನು ಓದಿ, ಗೆಳೆಯ ಹೇಳಿದ್ದನ್ನು ನಂಬಬೇಡಿ.

ಅಮೆರಿಕದಿಂದ ಊರಿಗೆ ಬರುವಾಗ ಚಾಕು ತರುವ ಯೋಚನೆ ಇದ್ದರೆ ಎರಡು ಮಾತು. ಕ್ಯಾಬಿನ್ ಬ್ಯಾಗಿನಲ್ಲಿ ಇಡಬೇಡಿ, ಸೆಕ್ಯುರಿಟಿಯಲ್ಲಿ ಹೋದದ್ದು ವಾಪಸ್ ಬರುವುದಿಲ್ಲ. ಕೊಂಬು, ದಂತದ ಹಿಡಿ ಇರುವುದನ್ನು ತರಲೇಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದರ ಮುಂದೆ 'ಇದು ಹಳೆಯ ಚಾಕು ಸಾರ್' ಎಂಬ ವಾದ ನಿಲ್ಲುವುದು ಕಷ್ಟ. ಉದ್ದ ಅಲಗಿನವು 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೂ ಬರಬಹುದು. ಕಸ್ಟಮ್ಸ್ ನಿಯಮವನ್ನು ಟಿಕೆಟ್ ಬುಕ್ ಮಾಡುವ ಮೊದಲು ನೋಡಿ.

14. ಮೇಜಿನ ಮುಂದೆ ನಿಂತು ಕಲಿಯಿರಿ

ಸ್ಕ್ರೀನ್ ಮೇಲೆ 'ಟಕ್' ಸದ್ದು ಕೇಳುವುದಿಲ್ಲ, ಟ್ಯಾಂಗ್‌ನ ದಪ್ಪ ಸಿಗುವುದಿಲ್ಲ. ಅಮೆರಿಕದಲ್ಲಿದ್ದರೆ ಪ್ರತಿ ಬೇಸಿಗೆ ಅಟ್ಲಾಂಟಾದಲ್ಲಿ ನಡೆಯುವ ಬ್ಲೇಡ್ ಶೋಗೆ ಹೋಗಿ. ಜಾರ್ಜಿಯಾ, ಟೆನೆಸಿ ಕಡೆ ಕೆಲಸದಲ್ಲಿರುವ ಕನ್ನಡಿಗರಿಗೆ ಅದು ವೀಕೆಂಡ್ ಡ್ರೈವ್. ಮೊದಲ ಸಲ ಹೋಗುವವರು ಕಡಿಮೆ ಕ್ಯಾಶ್ ಒಯ್ಯಿರಿ. ಕೊಳ್ಳುವುದಕ್ಕಿಂತ ಮುಟ್ಟಿ ನೋಡುವುದು ನಿಮ್ಮ ಗುರಿ.

ಮೇಜಿನ ಹಿಂದೆ ಕೂತ ಹಿರಿಯ ವ್ಯಾಪಾರಿಯನ್ನು ಕೇಳದೆ ಚಾಕು ಎತ್ತಬೇಡಿ. ಕೇಳಿ, ಎತ್ತಿ, ಒಂದು ಸಲಕ್ಕೆ ಒಂದೇ ಅಲಗನ್ನು ತೆರೆಯಿರಿ. ಅಲಗಿನ ಮೇಲೆ ಬೆರಳಿಟ್ಟಿದ್ದರೆ ಒರೆಸಿ ಕೊಡಿ. ಬೆವರಿನ ಉಪ್ಪು ಮಾರನೆಯ ದಿನ ಬೆರಳಚ್ಚಿನ ಆಕಾರದ ತುಕ್ಕಾಗಿ ಏಳುತ್ತದೆ ಎಂದು ಅವರಿಗೆ ಗೊತ್ತು. ಒರೆಸಿ ಕೊಟ್ಟವನ ಜೊತೆ ಅವರು ಮಾತಿಗೆ ಕೂರುತ್ತಾರೆ, ಮೇಜಿನ ಕೆಳಗಿನ ಡಬ್ಬವನ್ನೂ ತೆಗೆಯುತ್ತಾರೆ. ಆಗ 'ಇದು ಎಷ್ಟು?' ಎಂದು ಶುರು ಮಾಡಬೇಡಿ. 'ಇದು ಹತ್ತು ಚುಕ್ಕಿಯದು ಅಂತ ನೀವು ಹೇಗೆ ಖಚಿತ ಮಾಡಿಕೊಂಡಿರಿ?' ಎಂದು ಕೇಳಿ. ಉತ್ತರ ಬರೆದುಕೊಳ್ಳಿ, ಮುದ್ರೆಯ ಫೋಟೋ ತೆಗೆಯಲು ಒಪ್ಪಿಗೆ ಕೇಳಿ, ದಿನಾಂಕ ಮತ್ತು ಬೆಲೆಯ ಜೊತೆ ನಿಮ್ಮ ಸ್ಪ್ರೆಡ್‌ಶೀಟ್‌ಗೆ ಸೇರಿಸಿ. ಮೊದಲ ಚಾಕು ಕೊಳ್ಳುವ ಹೊತ್ತಿಗೆ ಆ ಶೀಟಿನಲ್ಲಿ ಕನಿಷ್ಠ ಐವತ್ತು ಸಾಲು ಇರಲಿ.